ಎದೆನೋವೂ ಹೊತ್ತಿನ ಲೆಕ್ಕವೂ

ನಮ್ಮ ಮಾತಿನಲ್ಲಿ ಎದೆಗೆ ಸಂದಿರುವ ಸ್ಥಾನ ಬಹು ದೊಡ್ಡದು. ಧೈರ್ಯವಂತನನ್ನು ಎದೆಗಾರನೆನ್ನುತ್ತೇವೆ; ಹೆದರಿದವನ ಎದೆ ಝಲ್ಲೆನ್ನುತ್ತದೆ; ದುಃಖಿತನ ಎದೆ ಬಿರಿಯುತ್ತದೆ; ಎದೆಯೊಡೆದು ಸತ್ತವರ ಕಥೆ ಪ್ರತಿಯೊಂದು ಊರಿನಲ್ಲಿಯೂ ಒಂದೆರಡು ಇದ್ದೇ ಇರುತ್ತದೆ. ಆದರೆ ನಿಜವಾಗಿಯೂ ಎದೆ ನೋಯತೊಡಗಿದಾಗ ಮಾತ್ರ ಜನರು ಎದೆಯ ಹೆಸರನ್ನು ಎತ್ತುವುದಿಲ್ಲ. 'ಗ್ಯಾಸ್ಟ್ರಿಕ್' ಎನ್ನುತ್ತಾರೆ, ಒಂದು ಸೋಡಾ ತರಿಸಿ ಕುಡಿಯುತ್ತಾರೆ, ಬೆಳಗಾಗಲಿ, ನೋಡೋಣ ಎಂದು ಮಗ್ಗುಲಾಗುತ್ತಾರೆ. ಹೊಟ್ಟೆಯುಬ್ಬರವಾಗಿದ್ದರೆ ಬೆಳಗಾಗುತ್ತದೆ. ಹೃದಯದ ಬೇನೆಯಾಗಿದ್ದರೆ ಕೆಲವೊಮ್ಮೆ ಆಗುವುದಿಲ್ಲ. ಹೃದ್ರೋಗಗಳ ವಿಷಯದಲ್ಲಿ ವಿದ್ಯಾರ್ಥಿಗಳು ಎಲ್ಲಕ್ಕಿಂತ ಮೊದಲು ತಿಳಿಯಬೇಕಾದುದು ಈ ಹೊತ್ತಿನ ಲೆಕ್ಕವನ್ನು.

ರಾಮನಗರ ಸೀಮೆಯ ಕನಕಪುರ ತಾಲ್ಲೂಕಿನಲ್ಲಿ ಉಯ್ಯಂಬಳ್ಳಿ ಎಂಬ ಹೋಬಳಿಯುಂಟು. ರಾಗಿ, ಹಿಪ್ಪುನೇರಳೆ, ರೇಷ್ಮೆಹುಳುವಿನ ಸಾಕಣೆ ಇವು ಆ ಕಡೆಯವರ ಬಾಳುವೆ. ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮ ಅದೇ ದಿಕ್ಕಿನಲ್ಲಿದೆ, ಅದರಾಚೆಗೆ ಕಾಡು. ತಾಲ್ಲೂಕಿನ ದೊಡ್ಡ ಆಸ್ಪತ್ರೆಯಿರುವುದು ಕನಕಪುರದಲ್ಲಿ. ಕನಕಪುರದಿಂದ ಬೆಂಗಳೂರಿಗೆ ಮತ್ತೆ ಐವತ್ತು ಕಿಲೋಮೀಟರಿಗೂ ಮಿಕ್ಕಿದ ಹಾದಿ. ರಾತ್ರಿ ಹತ್ತು ಗಂಟೆಗೆ ಇಂಥ ಹಳ್ಳಿಯೊಂದರಲ್ಲಿ ಮನೆಯ ಹಿರಿಯರು ಎದೆ ಹಿಡಿದುಕೊಂಡು ಕುಳಿತರೆಂದು ಭಾವಿಸೋಣ. ವಾಹನ ಸಿಗಬೇಕು, ದಾರಿ ಸವೆಯಬೇಕು. ಅದಕ್ಕೂ ಮೊದಲು, ಇದು ಹೊರಡಬೇಕಾದ ನೋವು ಎಂಬುದನ್ನು ಮನೆಯಲ್ಲಿ ಯಾರಾದರೂ ಗುರುತಿಸಬೇಕು. ಆ ಮನೆಯಲ್ಲಿ ಹೈಸ್ಕೂಲಿಗೋ ಕಾಲೇಜಿಗೋ ಹೋಗುವ ಮಕ್ಕಳಿದ್ದರೆ ಈ ಗುರುತಿಸುವ ಕೆಲಸ ಬಹುಮಟ್ಟಿಗೆ ಅವರ ಪಾಲಿನದು.

ಉಯ್ಯಂಬಳ್ಳಿಯು ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. ೨೦೨೪ರಲ್ಲಿ ಈ ಕ್ಷೇತ್ರವು ಸಂಸತ್ತಿಗೆ ಆರಿಸಿ ಕಳುಹಿಸಿದವರು ಹೃದ್ರೋಗತಜ್ಞರಾದ ಡಾ. ಸಿ. ಎನ್. ಮಂಜುನಾಥ್ ಅವರು. ಅವರ ರಾಜಕೀಯವು ನಮ್ಮ ಈ ಲೇಖನಕ್ಕೆ ಸಂಬಂಧಪಟ್ಟುದಲ್ಲ. ಅದಕ್ಕೆ ಮುಂಚಿನ ಮೂರೂವರೆ ದಶಕಗಳ ವೈದ್ಯವೃತ್ತಿಯಲ್ಲಿ ಅವರು ಯಾವ ರೋಗಗಳೊಡನೆ ಸೆಣಸಿದರು, ಆ ರೋಗಗಳ ಸ್ವರೂಪವೇನು ಎಂಬುದನ್ನು ನೋಡಿದರೆ ಹೃದಯದ ಬಗೆಗೆ ಅರಿಯಬೇಕಾದುದರ ಬಹುಭಾಗವನ್ನು ಅರಿತಂತೆಯೇ ಆಗುತ್ತದೆ.

ಮಂಜುನಾಥ್ ಅವರು ೧೯೫೭ರಲ್ಲಿ ಹಾಸನ ಜಿಲ್ಲೆಯ ಚಿನ್ನೇನಹಳ್ಳಿಯಲ್ಲಿ ಜನಿಸಿದರು. ಮೈಸೂರಿನ ವೈದ್ಯಕೀಯ ಕಾಲೇಜಿನಲ್ಲಿ ಎಂ. ಬಿ. ಬಿ. ಎಸ್., ಬೆಂಗಳೂರಿನ ವೈದ್ಯಕೀಯ ಕಾಲೇಜಿನಲ್ಲಿ ಎಂ. ಡಿ., ಅನಂತರ ಮಂಗಳೂರಿನ ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲಿ ಹೃದ್ರೋಗಶಾಸ್ತ್ರದ ಡಿ. ಎಂ. ಪದವಿ, ಹೀಗೆ ಸಾಗಿತು ಅವರ ವ್ಯಾಸಂಗ. ಎಂಬತ್ತರ ದಶಕದ ಕೊನೆಯಲ್ಲಿ ಅವರು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯನ್ನು ಸೇರಿದರು. ಅಲ್ಲಿಯೇ ಪ್ರಾಧ್ಯಾಪಕರಾಗಿ, ಮುಂದೆ ಸುಮಾರು ಹದಿನೇಳು ವರ್ಷ ನಿರ್ದೇಶಕರಾಗಿದ್ದು, ೨೦೨೪ರ ಜನವರಿ ೩೧ರಂದು ನಿವೃತ್ತರಾದರು. ೧೯೯೮ರಲ್ಲಿ ರಾಜ್ಯೋತ್ಸವ ಪ್ರಶಸ್ತಿಯೂ ೨೦೦೭ರಲ್ಲಿ ಪದ್ಮಶ್ರೀಯೂ ಅವರಿಗೆ ಸಂದವು.

ಜಯದೇವ ಸಂಸ್ಥೆಯ ಹೆಸರಿನ ಹಿಂದೆ ಒಂದು ದಾನದ ಕಥೆಯಿದೆ. ಚಿತ್ರದುರ್ಗದ ಮುರುಘಾಮಠದ ಶ್ರೀ ಜಯದೇವ ಮುರುಘರಾಜೇಂದ್ರ ಸ್ವಾಮಿಗಳ ನೆನಪಿಗಾಗಿ ಮಠವು ಕೊಟ್ಟ ಹಣದಿಂದ ೧೯೭೦ರ ದಶಕದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಹೃದ್ರೋಗ ವಿಭಾಗವೊಂದು ರೂಪುಗೊಂಡಿತು. ಕಾಲಕ್ರಮದಲ್ಲಿ ಅದು ಸರ್ಕಾರದ ಆಶ್ರಯದಲ್ಲಿಯೇ ಸ್ವಾಯತ್ತ ಸಂಸ್ಥೆಯಾಗಿ, ಬನ್ನೇರುಘಟ್ಟ ರಸ್ತೆಯ ಸ್ವಂತ ಕಟ್ಟಡಕ್ಕೆ ಬಂದಿತು. ಮುನ್ನೂರರ ಸುಮಾರಿನಲ್ಲಿದ್ದ ಹಾಸಿಗೆಗಳ ಸಂಖ್ಯೆ ಮಂಜುನಾಥ್ ಅವರ ಆಡಳಿತದ ಅವಧಿಯಲ್ಲಿ ಮೈಸೂರು ಮತ್ತು ಕಲಬುರಗಿ ಶಾಖೆಗಳೂ ಸೇರಿ ಒಂದೂವರೆ ಸಾವಿರವನ್ನು ಮೀರಿತು. ೨೦೨೧ರಲ್ಲಿ ಇನ್ಫೋಸಿಸ್ ಪ್ರತಿಷ್ಠಾನವು ೩೫೦ ಹಾಸಿಗೆಗಳ ಒಂದು ಪ್ರತ್ಯೇಕ ಕಟ್ಟಡವನ್ನೇ ಕಟ್ಟಿಸಿಕೊಟ್ಟಿತು. ದಾನವಾಗಿ ಬಂದ ಸ್ಟೆಂಟುಗಳನ್ನು ಬಡರೋಗಿಗಳಿಗೆ ಉಚಿತವಾಗಿ ಅಳವಡಿಸುವ ಸಾಮೂಹಿಕ ಕಾರ್ಯಾಗಾರಗಳು ಹಲವು ಸಲ ನಡೆದವು.

ಹಾಸಿಗೆಗಳಿಗಿಂತಲೂ ಹೆಚ್ಚು ಹೆಸರಾದುದು ಅವರು ಆಚರಣೆಗೆ ತಂದ ಒಂದು ನಿಯಮ: ಮೊದಲು ಚಿಕಿತ್ಸೆ, ಹಣದ ಮಾತು ಆಮೇಲೆ. ಇದನ್ನು ಗೋಡೆಯ ಮೇಲೆ ಬರೆಸುವುದು ಸುಲಭ, ನಡೆಸುವುದು ಕಷ್ಟ. ಹಣ ಕಟ್ಟಲಾರದವನ ವೆಚ್ಚವನ್ನು ಎಲ್ಲಿಂದಲಾದರೂ ತುಂಬಲೇಬೇಕಷ್ಟೆ. ಸರ್ಕಾರದ ಯೋಜನೆಗಳು, ದಾನಿಗಳ ನಿಧಿ, ಕಟ್ಟಬಲ್ಲವರು ಕೊಡುವ ಶುಲ್ಕ ಇವನ್ನು ಹೊಂದಿಸಿಕೊಂಡು ಹೋಗುವ ಲೆಕ್ಕಿಗನ ಜಾಣ್ಮೆಯಿಲ್ಲದೆ ಅಂಥ ನಿಯಮ ಬಹುಕಾಲ ನಿಲ್ಲಲಾರದು. ಇದನ್ನು ಕೇವಲ ದಯಾಗುಣವೆಂದು ಹೊಗಳುವವರು ಅದರ ವೈದ್ಯಶಾಸ್ತ್ರೀಯ ಅರ್ಥವನ್ನು ಮರೆಯುತ್ತಾರೆಂದು ನನಗೆ ತೋರುತ್ತದೆ. ಹೃದಯಾಘಾತವಾದವನ ಬಂಧುಗಳು ಹಣ ಹೊಂದಿಸಲು ಕಳೆಯುವ ಎರಡು ಗಂಟೆಯಲ್ಲಿ ಹೃದಯದ ಮಾಂಸವು ಸಾಯುತ್ತಿರುತ್ತದೆ. ಅಲ್ಲಿ ಹಣವನ್ನು ಹಿಂದಕ್ಕೆ ಸರಿಸುವುದೂ ಒಂದು ಚಿಕಿತ್ಸೆಯೇ ಸರಿ.

ಇದು ಹೇಗೆಂಬುದನ್ನು ಕಾಣಲು ಹೃದಯದ ರಚನೆಯನ್ನು ಸ್ವಲ್ಪ ನೋಡಬೇಕು.

ನಾಲ್ಕು ಕೋಣೆಯ ಪಂಪು

ಹೃದಯವು ಮುಷ್ಟಿಯಷ್ಟು ಗಾತ್ರದ, ಸುಮಾರು ೩೦೦ ಗ್ರಾಂ ತೂಕದ ಮಾಂಸದ ಪಂಪು. ಮೇಲೆ ಎರಡು ಹೃತ್ಕರ್ಣಗಳು, ಕೆಳಗೆ ಎರಡು ಹೃತ್ಕುಕ್ಷಿಗಳು. ಬಲಭಾಗವು ಮೈಯಿಂದ ಬಂದ ಮಲಿನ ರಕ್ತವನ್ನು ಶ್ವಾಸಕೋಶಗಳಿಗೆ ತಳ್ಳುತ್ತದೆ. ಎಡಭಾಗವು ಅಲ್ಲಿಂದ ಶುದ್ಧವಾಗಿ ಬಂದ ರಕ್ತವನ್ನು ಇಡೀ ಮೈಗೆ ತಳ್ಳುತ್ತದೆ. ರಕ್ತವು ಹೀಗೆ ಸುತ್ತುತ್ತಿರುತ್ತದೆಂಬುದನ್ನು ಇಂಗ್ಲೆಂಡಿನ ವಿಲಿಯಂ ಹಾರ್ವೆ ೧೬೨೮ರಲ್ಲಿ ಪ್ರಯೋಗ ಮತ್ತು ಲೆಕ್ಕಗಳಿಂದ ಸ್ಥಾಪಿಸಿದನು. ನಾವೂ ಒಂದು ಲೆಕ್ಕ ಹಾಕಬಹುದು. ಒಂದು ಬಡಿತಕ್ಕೆ ಸುಮಾರು ೭೦ ಮಿಲಿಲೀಟರು ರಕ್ತ. ನಿಮಿಷಕ್ಕೆ ೭೨ ಬಡಿತ. ಎಂದರೆ ನಿಮಿಷಕ್ಕೆ ಐದು ಲೀಟರು. ದಿನಕ್ಕೆ ೭,೨೦೦ ಲೀಟರು. ಬೇಸಗೆಯಲ್ಲಿ ಊರಿಗೆ ಬರುವ ನೀರಿನ ಟ್ಯಾಂಕರೊಂದನ್ನು ಈ ಮುಷ್ಟಿಗಾತ್ರದ ಪಂಪು ದಿನವೂ ಬರಿದುಮಾಡಬಲ್ಲದು. ಒಂದು ದಿನಕ್ಕೆ ಅದು ಒಂದು ಲಕ್ಷಕ್ಕೂ ಹೆಚ್ಚು ಸಲ ಬಡಿಯುತ್ತದೆ.

ಪಂಪಿಗೆ ಕವಾಟಗಳು ಬೇಕು, ಇಲ್ಲವಾದರೆ ತಳ್ಳಿದ ರಕ್ತ ಹಿಂದಕ್ಕೆ ಬರುತ್ತದೆ. ಹೃದಯದಲ್ಲಿ ಅಂಥ ಕವಾಟಗಳು ನಾಲ್ಕು. ಎಡ ಹೃತ್ಕರ್ಣಕ್ಕೂ ಎಡ ಹೃತ್ಕುಕ್ಷಿಗೂ ನಡುವೆ ಇರುವುದಕ್ಕೆ ಎರಡು ದಳಗಳಿವೆ. ಪಾಶ್ಚಾತ್ಯ ಅಂಗರಚನಾಶಾಸ್ತ್ರಜ್ಞರು ಅದರ ಆಕಾರದಲ್ಲಿ ಕ್ರೈಸ್ತ ಬಿಷಪರ ಕಿರೀಟವನ್ನು ಕಂಡು ಅದನ್ನು ಮೈಟ್ರಲ್ ಎಂದು ಕರೆದರು. ಬಿಷಪರನ್ನು ಕಾಣದ ನಮಗೆ ದ್ವಿದಳ ಕವಾಟವೆಂಬ ಹೆಸರೇ ಚೆನ್ನ, ಕಡಲೆಯನ್ನಾದರೂ ಕಂಡಿದ್ದೇವೆ. ಮಂಜುನಾಥ್ ಅವರ ಕೈಚಳಕಕ್ಕೆ ಹೆಸರು ತಂದುದು ಈ ಕವಾಟವೇ.

ಗಂಟಲುನೋವಿನಿಂದ ಕವಾಟಕ್ಕೆ

ಶಾಲೆಯ ಮಕ್ಕಳಿಗೆ ಗಂಟಲುನೋವು ಬರುವುದು ವಿಶೇಷವಲ್ಲ. ಹೆಚ್ಚಿನವು ವೈರಸ್ಸುಗಳಿಂದ ಬಂದು ತಾವಾಗಿಯೇ ಹೋಗುತ್ತವೆ. ಕೆಲವಕ್ಕೆ ಮಾತ್ರ ಸ್ಟ್ರೆಪ್ಟೊಕಾಕಸ್ ಎಂಬ, ಮಣಿಸರದಂತೆ ಸಾಲುಗಟ್ಟಿ ನಿಲ್ಲುವ ರೋಗಾಣು ಕಾರಣ. ಈ ರೋಗಾಣುವಿನೊಡನೆ ಹೋರಾಡಲು ದೇಹವು ತಯಾರಿಸುವ ಪ್ರತಿವಸ್ತುಗಳು ಕೆಲವು ಮಕ್ಕಳಲ್ಲಿ ಶತ್ರುವನ್ನೂ ಸ್ವಂತ ಹೃದಯದ ಕವಾಟವನ್ನೂ ಬೇರೆಬೇರೆಯಾಗಿ ಗುರುತಿಸಲಾರದೆ ಎರಡರ ಮೇಲೆಯೂ ಎರಗುತ್ತವೆ. ಗಂಟಲು ವಾಸಿಯಾಗಿ ಎರಡು ಮೂರು ವಾರಗಳ ಮೇಲೆ ಜ್ವರ ಬರುತ್ತದೆ. ಮೊಣಕಾಲು, ಹರಡು, ಮೊಣಕೈಗಳು ಒಂದಾದಮೇಲೊಂದು ಊದಿ ನೋಯುತ್ತವೆ. ಇದೇ ರುಮಾಟಿಕ್ ಜ್ವರ. ಐದರಿಂದ ಹದಿನೈದರ ವಯಸ್ಸಿನವರಲ್ಲಿ ಇದು ಹೆಚ್ಚು. ಕಿರಿದಾದ ಮನೆಯಲ್ಲಿ ಹಲವರು ಒತ್ತೊತ್ತಾಗಿ ಮಲಗುವಲ್ಲಿ ರೋಗಾಣು ಒಬ್ಬರಿಂದೊಬ್ಬರಿಗೆ ಸುಲಭವಾಗಿ ಹರಡುವುದರಿಂದ, ಇದು ಬಡವರ ಮಕ್ಕಳನ್ನೇ ಹುಡುಕಿಕೊಂಡು ಹೋಗುವಂತೆ ಕಾಣುತ್ತದೆ.

ಕೀಲುಗಳ ನೋವು ಗುರುತುಳಿಯದಂತೆ ಮಾಯುತ್ತದೆ. ಕವಾಟಕ್ಕಾದ ಗಾಯ ಮಾಯುವಾಗ ಕಲೆಗಟ್ಟುತ್ತದೆ. ಎರಡು ದಳಗಳ ಅಂಚುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ನಾಲ್ಕರಿಂದ ಆರು ಚದರ ಸೆಂಟಿಮೀಟರು ತೆರೆಯಬೇಕಾದ ಬಾಗಿಲು ಹತ್ತು ಹದಿನೈದು ವರ್ಷಗಳಲ್ಲಿ ಒಂದೂವರೆಗೆ, ಒಂದಕ್ಕೆ, ಕೆಲವರಲ್ಲಿ ಅದಕ್ಕಿಂತಲೂ ಕಡಿಮೆಗೆ ಇಳಿಯುತ್ತದೆ. ಆಗ ಶ್ವಾಸಕೋಶದಿಂದ ಬಂದ ರಕ್ತವು ಮುಂದೆ ಸಾಗಲಾರದೆ ಹಿಂದಕ್ಕೆ ಒತ್ತುತ್ತದೆ, ಉಸಿರು ಕಟ್ಟುತ್ತದೆ.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಕುಳಿತಿರುವಾಗ ಒಂದು ಬಡಿತಕ್ಕೆ ಸುಮಾರು ೦.೮ ಸೆಕೆಂಡು ಸಿಗುತ್ತದೆ; ಅದರಲ್ಲಿ ಹೆಚ್ಚು ಪಾಲು ಎಡ ಹೃತ್ಕುಕ್ಷಿ ತುಂಬಿಕೊಳ್ಳುವುದಕ್ಕೆ. ದಿಬ್ಬ ಹತ್ತುವಾಗ ನಾಡಿ ೧೨೦ಕ್ಕೆ ಏರಿದರೆ ಒಂದು ಬಡಿತಕ್ಕೆ ಅರ್ಧ ಸೆಕೆಂಡು ಮಾತ್ರ. ಹಾಗೆ ಕುಗ್ಗುವುದು ಮುಖ್ಯವಾಗಿ ತುಂಬುವ ಹೊತ್ತೇ. ಬಾಗಿಲು ಅಗಲವಾಗಿದ್ದರೆ ಅಷ್ಟು ಹೊತ್ತೇ ಸಾಕು, ಕಿರಿದಾಗಿದ್ದರೆ ಸಾಲದು. ಆದುದರಿಂದಲೇ ಈ ರೋಗಿಗಳು ಕುಳಿತಾಗ ಚೆನ್ನಾಗಿದ್ದು, ಕೊಡ ಹೊತ್ತು ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾರೆ. ಬಸಿರಿಯಾದ ಹೆಣ್ಣುಮಗಳ ಮೈಯಲ್ಲಿ ರಕ್ತದ ಪ್ರಮಾಣ ಶೇಕಡಾ ನಲವತ್ತಕ್ಕಿಂತಲೂ ಹೆಚ್ಚಾಗಿ ಏರುವುದರಿಂದ ಎಷ್ಟೋ ವೇಳೆ ರೋಗವು ಬಯಲಾಗುವುದೇ ಆಗ. ಹನ್ನೆರಡರ ಹುಡುಗಿಯ ಗಂಟಲುನೋವಿಗೆ ಇಪ್ಪತ್ತೆರಡರ ತಾಯಿ ಬೆಲೆ ತೆರಬೇಕಾಗುತ್ತದೆ.

ಬೆಸೆದ ಬಾಗಿಲನ್ನು ತೆರೆಯುವ ಯತ್ನ ಹಳೆಯದು. ೧೯೨೫ರಲ್ಲಿ ಲಂಡನ್ನಿನ ಹೆನ್ರಿ ಸೌಟರ್ ಎಂಬ ಶಸ್ತ್ರವೈದ್ಯನು ಎದೆಯನ್ನು ಕೊಯ್ದು, ಬಡಿಯುತ್ತಿರುವ ಹೃದಯದೊಳಕ್ಕೆ ಬೆರಳು ತೂರಿಸಿ ಕವಾಟವನ್ನು ಬಿಡಿಸಿದನು. ೧೯೪೮ರಿಂದೀಚೆಗೆ ಅಮೆರಿಕದಲ್ಲಿ ಈ ಶಸ್ತ್ರಕ್ರಿಯೆ ಬಳಕೆಗೆ ಬಂದಿತು. ಎದೆಯನ್ನು ಕೊಯ್ಯದೆಯೇ ಒಳಹೋಗುವ ದಾರಿಯನ್ನು ತೋರಿದವನು ಜರ್ಮನಿಯ ವರ್ನರ್ ಫೋರ್ಸ್‌ಮನ್. ೧೯೨೯ರಲ್ಲಿ ಈ ತರುಣ ವೈದ್ಯನು ತನ್ನದೇ ತೋಳಿನ ಅಭಿಧಮನಿಯ ಮೂಲಕ ಸಪೂರ ನಳಿಗೆಯೊಂದನ್ನು ಹೃದಯದವರೆಗೆ ತಳ್ಳಿಕೊಂಡು, ನಡೆದುಕೊಂಡೇ ಹೋಗಿ ಎಕ್ಸ್-ಕಿರಣದ ಚಿತ್ರ ತೆಗೆಯಿಸಿಕೊಂಡನು. ಮೇಲಿನವರು ಮೆಚ್ಚಲಿಲ್ಲ, ನೊಬೆಲ್ ಪಾರಿತೋಷಕ ಬಂದಿದ್ದು ೧೯೫೬ರಲ್ಲಿ. (ವಿದ್ಯಾರ್ಥಿಗಳು ಫೋರ್ಸ್‌ಮನ್ನನ ಕುತೂಹಲವನ್ನು ಅನುಕರಿಸಿದರೆ ಸಾಕು, ಕ್ರಮವನ್ನಲ್ಲ.) ಅನಂತರ ಜಪಾನಿನ ಶಸ್ತ್ರವೈದ್ಯ ಕಾಂಜಿ ಇನೌಯೆ ೧೯೮೨ರಲ್ಲಿ ನಳಿಗೆಯ ತುದಿಗೆ ಬಲೂನನ್ನು ಜೋಡಿಸಿ ದ್ವಿದಳ ಕವಾಟವನ್ನು ತೆರೆದನು, ಎರಡು ವರ್ಷಗಳ ತರುವಾಯ ಅದನ್ನು ಪ್ರಕಟಿಸಿದನು.

ಕ್ರಮ ಹೀಗೆ: ತೊಡೆಯ ಸಂದಿನ ಅಭಿಧಮನಿಯಿಂದ ನಳಿಗೆಯು ಬಲ ಹೃತ್ಕರ್ಣಕ್ಕೆ ಹೋಗುತ್ತದೆ. ಎರಡು ಹೃತ್ಕರ್ಣಗಳ ನಡುಗೋಡೆಯನ್ನು ಸೂಜಿಯಿಂದ ಚುಚ್ಚಿ ಎಡಕ್ಕೆ ದಾಟಬೇಕು. ಇಡೀ ಕೆಲಸದಲ್ಲಿ ಅತ್ಯಂತ ನಾಜೂಕಾದ ಹೆಜ್ಜೆ ಇದೇ. ಬಳಿಕ ಬಲೂನನ್ನು ಕವಾಟದೊಳಕ್ಕೆ ಇಳಿಸಿ ಮುಂದಿನ ಅರ್ಧವನ್ನು ಮೊದಲು ಉಬ್ಬಿಸುತ್ತಾರೆ, ಹಿಂದಕ್ಕೆಳೆದು ಕವಾಟಕ್ಕೆ ತಾಗಿಸುತ್ತಾರೆ, ಹಿಂದಿನ ಅರ್ಧವನ್ನೂ ಉಬ್ಬಿಸುತ್ತಾರೆ. ಡಮರುವಿನಂತೆ ನಡು ಸಣ್ಣಗಾಗಿ ನಿಂತ ಬಲೂನು, ನಡುವೂ ಉಬ್ಬಿದೊಡನೆ ಬೆಸುಗೆಯನ್ನು ಬಿಡಿಸುತ್ತದೆ. ಉಬ್ಬಿಸಿ ಇಳಿಸುವುದೆಲ್ಲ ಕೆಲವೇ ಸೆಕೆಂಡುಗಳ ಕೆಲಸ. ರೋಗಿ ಎಚ್ಚರವಾಗಿಯೇ ಇರುತ್ತಾನೆ. ಒಂದೆರಡು ದಿನಗಳಲ್ಲಿ ಮನೆಗೆ ಹೋಗುತ್ತಾನೆ. ಎಲ್ಲ ಕವಾಟಗಳಿಗೂ ಇದು ಒಗ್ಗುವುದಿಲ್ಲ. ಬಹಳ ಗಡುಸಾಗಿ ಸುಣ್ಣಗಟ್ಟಿದ್ದರೆ, ಅಥವಾ ಕವಾಟ ಮೊದಲೇ ಸೋರುತ್ತಿದ್ದರೆ, ಶಸ್ತ್ರಕ್ರಿಯೆಯೇ ಬೇಕು. ಇನೌಯೆ ಬಲೂನಿನ ಬೆಲೆ ಬಡರಾಷ್ಟ್ರಗಳಿಗೆ ಹೊರೆಯಾಗಿದ್ದಿತು. ಅದೇ ತತ್ತ್ವದ ಆಕ್ಯೂರಾ ಎಂಬ ಬಲೂನನ್ನು ಬಳಸಿ ಕವಾಟ ತೆರೆಯುವುದರಲ್ಲಿ ಜಯದೇವ ಸಂಸ್ಥೆಯಲ್ಲಿ ಮಂಜುನಾಥ್ ಅವರೂ ಅವರ ಸಹೋದ್ಯೋಗಿಗಳೂ ಗಳಿಸಿದ ಅನುಭವ ಬಹು ದೊಡ್ಡದು. ಅದರ ಫಲಿತಾಂಶಗಳು ವೈದ್ಯಪತ್ರಿಕೆಗಳಲ್ಲಿ ಪ್ರಕಟವಾಗಿವೆ.

ಆದರೂ ಬಲೂನಿಗಿಂತ ಅಗ್ಗವಾದ ಉಪಾಯ ಇನ್ನೊಂದುಂಟು. ರುಮಾಟಿಕ್ ಜ್ವರ ಒಮ್ಮೆ ಬಂದ ಮಕ್ಕಳಿಗೆ ಮೂರು ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ಬಿಡದೆ ಕೊಟ್ಟರೆ ಮತ್ತೆ ಮತ್ತೆ ಜ್ವರ ಮರುಕಳಿಸಿ ಕವಾಟ ಕೆಡುವುದು ಬಹುಮಟ್ಟಿಗೆ ತಪ್ಪುತ್ತದೆ. ಜ್ವರ ಸಹಿತವಾದ ಗಂಟಲುನೋವು, ನುಂಗಲು ಕಷ್ಟ, ಕತ್ತಿನ ಗಂಟುಗಳ ಊತ ಇದ್ದು, ಕೆಮ್ಮು ನೆಗಡಿ ಇಲ್ಲದಿದ್ದರೆ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಬೇಕು. ವೈದ್ಯರು ಔಷಧ ಕೊಟ್ಟರೆ ಹೇಳಿದಷ್ಟು ದಿನವೂ ನುಂಗಬೇಕು. ಮೂರನೆಯ ದಿನ ನೋವು ಹೋಯಿತೆಂದು ಮಾತ್ರೆಯನ್ನು ನಿಲ್ಲಿಸುವ ವಾಡಿಕೆ ನಮ್ಮಲ್ಲಿ ವಿಪರೀತ.

ನಿಮಿಷಗಳ ರೋಗ

ಕವಾಟದ ರೋಗವು ವರ್ಷಗಳ ಲೆಕ್ಕದ್ದಾದರೆ ಹೃದಯಾಘಾತವು ನಿಮಿಷಗಳ ಲೆಕ್ಕದ್ದು. ಹೃದಯದ ತುಂಬ ರಕ್ತವಿದ್ದರೂ ಅದರ ಗೋಡೆಯ ಮಾಂಸವು ಆ ರಕ್ತವನ್ನು ನೇರವಾಗಿ ಹೀರಿಕೊಳ್ಳಲಾರದು. ತೆಂಗಿನ ತೋಟದ ನಡುವೆ ನಾಲೆ ಹರಿದರೂ ಮರದ ಬುಡಕ್ಕೆ ಬೇರೆ ಕಾಲುವೆ ತೋಡಬೇಕಾದಂತೆ, ಹೃದಯಕ್ಕೂ ತನ್ನವೇ ಆದ ಧಮನಿಗಳು ಬೇಕು. ಮಹಾಧಮನಿಯ ಬುಡದಲ್ಲಿ ಕವಲೊಡೆದು ಹೃದಯವನ್ನು ಕಿರೀಟದಂತೆ ಸುತ್ತುವ ಇವಕ್ಕೆ ಕಿರೀಟಧಮನಿಗಳೆಂದು ಹೆಸರು. ಇವುಗಳ ಒಳಗೋಡೆಯಲ್ಲಿ ತರುಣವಯಸ್ಸಿನಿಂದಲೇ ಕೊಬ್ಬು ಸೇರಿಕೊಳ್ಳುತ್ತಾ ಬರಬಹುದು. ಒಂದು ದಿನ ಆ ಕೊಬ್ಬಿನ ದಿಂಡಿನ ಮೇಲ್ಪದರ ಬಿರಿಯುತ್ತದೆ, ಗಾಯವಾಯಿತೆಂದು ಭ್ರಮಿಸಿ ರಕ್ತವು ಅಲ್ಲಿ ಹೆಪ್ಪುಗಟ್ಟುತ್ತದೆ, ಧಮನಿ ಮುಚ್ಚಿಕೊಳ್ಳುತ್ತದೆ. ಇಪ್ಪತ್ತರಿಂದ ನಲವತ್ತು ನಿಮಿಷಗಳೊಳಗೆ ಆ ಭಾಗದ ಮಾಂಸ ಸಾಯಲಾರಂಭಿಸಿ, ಮುಂದಿನ ಗಂಟೆಗಳಲ್ಲಿ ಹಾನಿ ಒಳಗಿನಿಂದ ಹೊರಕ್ಕೆ ಹಬ್ಬುತ್ತಾ ಹೋಗುತ್ತದೆ. ಸತ್ತ ಹೃದಯಮಾಂಸ ಮತ್ತೆ ಬೆಳೆಯುವುದಿಲ್ಲ.

ಲಕ್ಷಣಗಳನ್ನು ಚೆನ್ನಾಗಿ ನೆನಪಿಡಬೇಕು. ಎದೆಯ ನಡುವೆ ಭಾರ ಹೇರಿದಂತೆ, ಹಿಂಡಿದಂತೆ ಅಥವಾ ಉರಿದಂತೆ ನೋವು; ಅದು ಎಡತೋಳಿಗೆ, ದವಡೆಗೆ, ಬೆನ್ನಿಗೆ ಹರಿಯಬಹುದು; ತಣ್ಣನೆಯ ಬೆವರು, ವಾಕರಿಕೆ, ಉಸಿರುಗಟ್ಟುವಿಕೆ. ಸಕ್ಕರೆಕಾಯಿಲೆಯವರಲ್ಲಿಯೂ ಹೆಂಗಸರಲ್ಲಿಯೂ ವೃದ್ಧರಲ್ಲಿಯೂ ನೋವು ಅಷ್ಟಾಗಿ ಇಲ್ಲದೆ ಬರಿಯ ಸುಸ್ತು, ಏದುಸಿರು ಮಾತ್ರ ಕಾಣಬಹುದು. ವಾಯುವೋ ಹೃದಯವೋ ಎಂಬುದನ್ನು ಮನೆಯಲ್ಲಿ ಕುಳಿತು ತೀರ್ಮಾನಿಸಲು ಬಲ್ಲವರು ಯಾರೂ ಇಲ್ಲ, ವೈದ್ಯರೂ ಕೂಡ. ಅದನ್ನು ಹೇಳಬಲ್ಲುದು ಇ. ಸಿ. ಜಿ.

ಹಾಲೆಂಡಿನ ಐಂಥೋವನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿ ೧೯೨೪ರಲ್ಲಿ ನೊಬೆಲ್ ಪಡೆದ ವಿಧಾನವಿದು. ಪ್ರತಿ ಬಡಿತಕ್ಕೂ ಹೃದಯದಲ್ಲಿ ಹರಿಯುವ ಅತ್ಯಲ್ಪ ವಿದ್ಯುತ್ತನ್ನು ಕೈಕಾಲು ಎದೆಗಳಿಗೆ ಅಂಟಿಸಿದ ತಂತಿಗಳ ಮೂಲಕ ಕಾಗದದ ಮೇಲೆ ಗೆರೆಯಾಗಿ ಮೂಡಿಸುತ್ತದೆ. ದೊಡ್ಡ ಧಮನಿಯೊಂದು ಪೂರ್ತಿ ಮುಚ್ಚಿದಾಗ ಆ ಗೆರೆಯ ಒಂದು ತುಂಡು ಸಮತಟ್ಟಿಗೆ ಮರಳದೆ ಮೇಲೆದ್ದು ನಿಲ್ಲುತ್ತದೆ. ಐದು ನಿಮಿಷದ ಪರೀಕ್ಷೆ. ಮೊದಲ ಗೆರೆ ಸರಿಯಾಗಿದ್ದರೂ ನೋವು ನಿಲ್ಲದಿದ್ದರೆ ಮತ್ತೊಮ್ಮೆ ತೆಗೆಯಬೇಕಾಗುತ್ತದೆ.

ಹೀಗೆ ಗುರುತಿಸಿದ ಮೇಲೆ ದಾರಿ ಎರಡು. ನಳಿಗೆಯಿಂದ ಧಮನಿಯನ್ನು ತೆರೆದು ಸ್ಟೆಂಟ್ ಎಂಬ ಲೋಹದ ಜಾಲರಿಯನ್ನು ಇಡುವುದು ಒಂದು. ೧೯೭೭ರಲ್ಲಿ ಜೂರಿಕ್ ನಗರದಲ್ಲಿ ಗ್ರೂಂಟ್ಜಿಗ್ ಎಂಬ ವೈದ್ಯನು ಬಲೂನಿನಿಂದ ಕಿರೀಟಧಮನಿಯನ್ನು ಮೊದಲು ತೆರೆದನು. ಭಾರತದಲ್ಲಿ ೨೦೧೭ರ ಫೆಬ್ರವರಿಯಲ್ಲಿ ಸರ್ಕಾರವು ಸ್ಟೆಂಟುಗಳ ಬೆಲೆಗೆ ಮಿತಿ ಹಾಕಿ, ಔಷಧಲೇಪಿತ ಸ್ಟೆಂಟಿಗೆ ತೆರಿಗೆ ಬಿಟ್ಟು ೨೯,೬೦೦ ರೂಪಾಯಿ ಎಂದು ಗೊತ್ತುಪಡಿಸಿತು. ಅದಕ್ಕೆ ಮುಂಚೆ ಲಕ್ಷ ರೂಪಾಯಿಯನ್ನು ಮೀರಿ ತೆತ್ತವರು ಬಹುಮಂದಿ. ಸ್ಟೆಂಟ್ ಹಾಕುವ ಆಸ್ಪತ್ರೆಯನ್ನು ಎರಡು ಗಂಟೆಯೊಳಗೆ ಮುಟ್ಟಲಾಗದಿದ್ದರೆ ಎರಡನೆಯ ದಾರಿ: ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಮೀಪದ ಆಸ್ಪತ್ರೆಯಲ್ಲಿಯೇ ಕೊಟ್ಟು ಮುಂದೆ ಕಳುಹಿಸುವುದು. ಇಂಥ ಔಷಧಗಳಲ್ಲಿ ಹಳೆಯದು ಸ್ಟ್ರೆಪ್ಟೊಕೈನೇಸ್. ಹೆಸರೇ ಹೇಳುವಂತೆ ಇದು ಸ್ಟ್ರೆಪ್ಟೊಕಾಕಸ್ ಕುಲದ ರೋಗಾಣುವಿನಿಂದಲೇ ಬಂದುದು. ಒಂದು ಕಡೆ ಕವಾಟ ಕೆಡಿಸುವ ಕುಲವೇ ಇನ್ನೊಂದು ಕಡೆ ಧಮನಿ ತೆರೆಯುವ ಮದ್ದನ್ನೂ ಕೊಟ್ಟಿದೆ! ಈಗ ಒಂದೇ ಸಲಕ್ಕೆ ಚುಚ್ಚಬಹುದಾದ ಟೆನೆಕ್ಟೆಪ್ಲೇಸ್ ಎಂಬುದು ಬಳಕೆಗೆ ಬಂದಿದೆ. ನೋವು ಆರಂಭವಾಗಿ ಹನ್ನೆರಡು ಗಂಟೆ ಕಳೆದ ಮೇಲೆ ಈ ಮದ್ದುಗಳಿಂದ ಹೆಚ್ಚು ಪ್ರಯೋಜನವಿಲ್ಲ. ಮೊದಲ ಒಂದೆರಡು ಗಂಟೆಯಲ್ಲಿ ಪ್ರಯೋಜನ ಅತ್ಯಧಿಕ.

ಉಯ್ಯಂಬಳ್ಳಿಯಂಥ ಊರುಗಳಿಗೆ ಇದರ ಅರ್ಥ ದೊಡ್ಡದು. ಬೆಂಗಳೂರಿನ ಹಾದಿ ಅಷ್ಟೇ ದೂರವಿದ್ದರೂ ಚಿಕಿತ್ಸೆಯ ಮೊದಲ ಮೆಟ್ಟಿಲು ತಾಲ್ಲೂಕಿಗೆ ಇಳಿದು ಬರಬಹುದು. ನಟ ಪುನೀತ್ ರಾಜ್‌ಕುಮಾರ್ ಅವರು ೨೦೨೧ರ ಅಕ್ಟೋಬರ್ ೨೯ರಂದು ನಲವತ್ತಾರನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅವರ ಹೆಸರಿನಲ್ಲಿ ಕರ್ನಾಟಕ ಸರ್ಕಾರವು ೨೦೨೩ರಲ್ಲಿ ಪ್ರಕಟಿಸಿದ ಹೃದಯಜ್ಯೋತಿ ಯೋಜನೆಯ ತಿರುಳು ಇದೇ: ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ. ಸಿ. ಜಿ.ಯನ್ನು ಜಯದೇವದಂಥ ಕೇಂದ್ರದ ತಜ್ಞರಿಗೆ ತಂತಿಯಿಲ್ಲದ ಮಾರ್ಗದಲ್ಲಿ ಕಳುಹಿಸಿ, ಅವರ ಸಲಹೆಯಂತೆ ಟೆನೆಕ್ಟೆಪ್ಲೇಸನ್ನು ಅಲ್ಲಿಯೇ ಉಚಿತವಾಗಿ ಕೊಡುವುದು. ಇದಕ್ಕೂ ಮೊದಲು, ೨೦೧೮ರಿಂದ, ಮಂಗಳೂರಿನ ಹೃದ್ರೋಗತಜ್ಞ ಡಾ. ಪದ್ಮನಾಭ ಕಾಮತ್ ಅವರು ಇದೇ ಕೊರತೆಯನ್ನು ಇನ್ನೊಂದು ಬಗೆಯಲ್ಲಿ ನೀಗಲು ಹೊರಟರು. ತಡವಾಗಿ ಆಸ್ಪತ್ರೆಗೆ ಬಂದ ತರುಣ ಆಟೋ ಚಾಲಕನೊಬ್ಬನ ಸಾವನ್ನು ಕಂಡು, ದಾನಿಗಳ ನೆರವಿನಿಂದ ಕರಾವಳಿ ಮಲೆನಾಡುಗಳ ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇ. ಸಿ. ಜಿ. ಯಂತ್ರಗಳನ್ನು ಒದಗಿಸಿ, ವಾಟ್ಸ್‌ಆಪ್ ಗುಂಪುಗಳಲ್ಲಿ ಗೆರೆಗಳನ್ನು ನೋಡಿ ಸಲಹೆ ಕೊಡುವ ಏರ್ಪಾಟನ್ನು ಕಟ್ಟಿದರು. ಯಂತ್ರ ಹಳ್ಳಿಯಲ್ಲಿ, ಕಣ್ಣು ಪಟ್ಟಣದಲ್ಲಿ!

೨೦೨೫ರ ಬೇಸಗೆ ಕಳೆದು ಮಳೆ ಹಿಡಿಯುವ ಹೊತ್ತಿಗೆ ಹಾಸನ ಜಿಲ್ಲೆಯಲ್ಲಿ ಕೆಲವೇ ವಾರಗಳ ಅಂತರದಲ್ಲಿ ಇಪ್ಪತ್ತಕ್ಕೂ ಹೆಚ್ಚು ಹಠಾತ್ ಸಾವುಗಳ ಸುದ್ದಿ ಹಬ್ಬಿ, ಹೆದರಿದ ಜನ ಪರೀಕ್ಷೆಗಾಗಿ ಮೈಸೂರಿನ ಜಯದೇವ ಆಸ್ಪತ್ರೆಗೆ ಮುಗಿಬಿದ್ದುದು ವಾಚಕರಿಗೆ ನೆನಪಿರಬಹುದು. ಜಯದೇವದ ಅಂದಿನ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿಯು ತನಿಖೆ ಮಾಡಿ, ಹೃದಯದ ಸಾವುಗಳಲ್ಲಿ ಅಸಾಮಾನ್ಯ ಏರಿಕೆ ಕಂಡುಬರಲಿಲ್ಲವೆಂದು ವರದಿ ಕೊಟ್ಟಿತು. ಭಯದ ದಿನಗಳಲ್ಲಿ ಎಣಿಸುವವರು ಕಡಿಮೆ, ಹೇಳುವವರು ಹೆಚ್ಚು. ಕಾರಣಗಳು ನಿಗೂಢವೇನಲ್ಲ. ೨೦೦೪ರಲ್ಲಿ ಪ್ರಕಟವಾದ, ೫೨ ದೇಶಗಳನ್ನೊಳಗೊಂಡ ಇಂಟರ್‌ಹಾರ್ಟ್ ಎಂಬ ಅಧ್ಯಯನವು ಹೃದಯಾಘಾತದ ಅಪಾಯದ ಸುಮಾರು ಶೇಕಡಾ ತೊಂಬತ್ತನ್ನು ಒಂಬತ್ತು ಸಂಗತಿಗಳಿಂದ ವಿವರಿಸಬಹುದೆಂದು ತೋರಿಸಿತು: ಹೊಗೆಬತ್ತಿ, ರಕ್ತದಲ್ಲಿನ ಕೊಬ್ಬಿನ ಏರುಪೇರು, ರಕ್ತದೊತ್ತಡ, ಸಕ್ಕರೆಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣುತರಕಾರಿಗಳ ಕೊರತೆ, ಶ್ರಮವಿಲ್ಲದ ಜೀವನ, ಮದ್ಯಪಾನದ ರೀತಿ. ನಮ್ಮ ಉಪಖಂಡದವರಿಗೆ ರೋಗವು ಇತರರಿಗಿಂತ ಹಲವು ವರ್ಷ ಮೊದಲೇ ಬರುತ್ತದೆಂಬುದೂ ಅದರಲ್ಲಿ ಕಂಡುಬಂದಿತು. ಬೀಡಿ ಸಿಗರೇಟುಗಳನ್ನು ಹೆಚ್ಚಿನವರು ಹಿಡಿಯುವುದು ಇಪ್ಪತ್ತರೊಳಗೆ. ಆಗ ಹಿಡಿಯದವರು ಮುಂದೆ ಹಿಡಿಯುವುದು ಅಪರೂಪ.

ಇನ್ನು ಕೈಯಾರ ಮಾಡಬಹುದಾದ ಕೆಲಸ. ಎದೆನೋವು ಕಂಡೊಡನೆ ರೋಗಿಯನ್ನು ನಡೆಸಬಾರದು, ಬೈಕಿನಲ್ಲಿ ಕೂರಿಸಬಾರದು. ಒರಗಿ ಕೂರಿಸಿ ೧೦೮ಕ್ಕೆ ಫೋನು ಮಾಡಬೇಕು. ನೋವು ಆರಂಭವಾದ ವೇಳೆಯನ್ನು ಗಡಿಯಾರ ನೋಡಿ ಒಂದು ಚೀಟಿಯಲ್ಲಿ ಬರೆದಿಡಬೇಕು. ವೈದ್ಯರು ಕೇಳುವ ಮೊದಲ ಪ್ರಶ್ನೆ ಅದೇ. ರೋಗಿ ಕುಸಿದುಬಿದ್ದು, ಕರೆದರೆ ಓಗೊಡದೆ, ಉಸಿರಾಟವಿಲ್ಲದೆ ಅಥವಾ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಎಳೆಯುತ್ತಿದ್ದರೆ ಹೃದಯ ನಿಂತಿದೆಯೆಂದು ತಿಳಿಯಬೇಕು. ಗಟ್ಟಿನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಅಂಗೈಯ ಹಿಮ್ಮ‍ಡಿಯನ್ನೂರಿ ಅದರ ಮೇಲೆ ಇನ್ನೊಂದು ಕೈಯಿಟ್ಟು, ಮೊಣಕೈ ಬಾಗಿಸದೆ, ಸುಮಾರು ಐದು ಸೆಂಟಿಮೀಟರು ಆಳಕ್ಕೆ, ನಿಮಿಷಕ್ಕೆ ೧೦೦ರಿಂದ ೧೨೦ ಸಲ ಒತ್ತಬೇಕು. ಪ್ರತಿ ಒತ್ತಿನ ಮೇಲೂ ಎದೆ ಪೂರ್ತಿ ಮೇಲೇಳಬೇಕು. ನೆರವು ಬರುವ ತನಕ ನಿಲ್ಲಿಸಬಾರದು. ದಣಿದರೆ ಇನ್ನೊಬ್ಬರು ಮುಂದುವರಿಸಬೇಕು. ಈ ಒತ್ತುವಿಕೆಯಿಲ್ಲದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಂಭವ ಶೇಕಡಾ ಏಳರಿಂದ ಹತ್ತರಷ್ಟು ಇಳಿಯುತ್ತದೆ. ಓದಿ ಕಲಿಯುವ ವಿದ್ಯೆ ಇದಲ್ಲ, ಎನ್. ಸಿ. ಸಿ., ರೆಡ್ ಕ್ರಾಸ್ ಮೊದಲಾದವರ ಶಿಬಿರಗಳಲ್ಲಿ ಬೊಂಬೆಯ ಮೇಲೆ ಒತ್ತಿ ಕಲಿಯತಕ್ಕದ್ದು.

ಮನೆಯಲ್ಲಿಯೇ ಮಾಡಬಹುದಾದ ಪ್ರಯೋಗವೊಂದನ್ನು ಸೂಚಿಸುತ್ತೇನೆ. ಬೆಳಿಗ್ಗೆ ಎದ್ದೊಡನೆ ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒಂದು ನಿಮಿಷ ನಾಡಿ ಎಣಿಸಿ. ಸಂಜೆ ಮೂರು ನಿಮಿಷ ಓಡಿ, ನಿಂತೊಡನೆ ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ; ಒಂದು ನಿಮಿಷ ಬಿಟ್ಟು ಮತ್ತೆ ಎಣಿಸಿ. ಎರಡರ ವ್ಯತ್ಯಾಸವನ್ನು ಬರೆದಿಡಿ. ತಿಂಗಳು ಕಾಲ ದಿನವೂ ಓಡಿದವರಲ್ಲಿ ಬೆಳಗಿನ ಎಣಿಕೆ ಇಳಿಯುವುದನ್ನೂ, ಓಟದ ಬಳಿಕ ನಾಡಿ ಬೇಗ ತಗ್ಗುವುದನ್ನೂ ಸಾಮಾನ್ಯವಾಗಿ ಕಾಣಬಹುದು. ಅದೇ ಪುಸ್ತಕದ ಹಿಂದಿನ ಹಾಳೆಯಲ್ಲಿ ಮನೆಯ ಹಿರಿಯರ ರಕ್ತದೊತ್ತಡವನ್ನೂ ದಿನಾಂಕ ಸಹಿತ ಬರೆಯಬಹುದು. ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದನ್ನೂ ಸಕ್ಕರೆಯನ್ನೂ ಉಚಿತವಾಗಿ ಪರೀಕ್ಷಿಸುತ್ತಾರೆ. ಅಂಕಿ ಮತ್ತೆ ಮತ್ತೆ ೧೪೦/೯೦ಕ್ಕೆ ಮುಟ್ಟಿದರೆ ಪುಸ್ತಕವನ್ನು ವೈದ್ಯರಿಗೆ ತೋರಿಸತಕ್ಕದ್ದು.